ರಾಬಿಗ್‌ನ ಲೇಡಿ ಹ್ಯಾರಿಯೆಟ್

ಹ್ಯಾರಿಯೆಟ್ ಅಮೆರಿಕಕ್ಕೆ ಹೋಗಲು ಬೇಕಾದ ಎಕ್ಸಿಟ್ ವೀಸಾದ ಅರ್ಜಿಗೆ ಗಂಡ ರೂಪರ್ಟ್ ತಕ್ಷಣ ಸಹಿ ಹಾಕಿದ. ಸೌದಿಯಲ್ಲಿ ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ವಿಮಾನ ಹತ್ತುವಂತಿರಲಿಲ್ಲ. ಅವನು ತಡೆದಾನು ಎಂದು ಅವಳು ಒಳಗೊಳಗೇ ಆಸೆಪಟ್ಟಿದ್ದಳು.

"ಮರಳಿ ಬರುವ ವೀಸಾ?" ಎಂದು ಕೇಳಿದಳು.

"ನೀನು ಬೇಕು ಅಂದರೆ ನೋಡೋಣ," ಎಂದ. ಕಣ್ಣೆತ್ತಲಿಲ್ಲ.

ಅವಳ ಅಪ್ಪನಿಗೆ ಅಮೆರಿಕದಲ್ಲಿ ಹಿಟ್ಟಿನ ಗಿರಣಿಗಳಿದ್ದವು. ಹೋದ ವಾರ ಅವರು ತೀರಿಕೊಂಡು, ಎಲ್ಲವೂ ಒಬ್ಬಳೇ ಮಗಳ ಪಾಲಿಗೆ ಬಂದಿತ್ತು. ರೂಪರ್ಟ್ ಇಂಗ್ಲೆಂಡಿನ ಲಾರ್ಡ್ ಒಬ್ಬರ ಹಿರಿಯ ಮಗ. ದೊಡ್ಡ ಹೆಸರು, ಅರಮನೆಯಂಥ ಮನೆ, ಸೋರುವ ಮಾಡು. ಆ ಮಾಡಿನ ರಿಪೇರಿಗೆಂದೇ ಈ ಸೊಸೆಯನ್ನು ತಂದದ್ದು ಎಂದು ಅತ್ತೆ ನೆಂಟರೊಡನೆ ಹೇಳಿದ್ದು ಹ್ಯಾರಿಯೆಟ್ ಕಿವಿಗೆ ಬಿದ್ದಿತ್ತು. ಆದರೆ ಅವಳ ಅಪ್ಪ ಕಾಸು ಬಿಚ್ಚಲಿಲ್ಲ. ಹಾಗಾಗಿ ರೂಪರ್ಟ್ ದುಡಿಯಲೆಂದು ಸೌದಿಯ ರಾಬಿಗ್‌ನಲ್ಲಿ ರಿಫೈನರಿ ಕಟ್ಟುವ ಕಂಪನಿಗೆ ಸೇರಿದ. ಅವಳೂ ಜೊತೆಗೆ ಬಂದಳು.

ಇಲ್ಲಿನ ಪುಟ್ಟ ಕ್ವಾರ್ಟರ್ಸ್‌ನಲ್ಲಿ ಅವರು ನಗುವುದನ್ನು ಕಲಿತಿದ್ದರು. ಆದರೆ ಅಪ್ಪ ತೀರಿಕೊಂಡ ಸುದ್ದಿ ಬಂದ ದಿನದಿಂದ ರೂಪರ್ಟ್ ಸೋಫಾದಲ್ಲಿ ಮಲಗುತ್ತಿದ್ದ. ಚಹಾ ಕೊಟ್ಟರೆ ಅಪರಿಚಿತಳಿಗೆ ಹೇಳುವಂತೆ ಥ್ಯಾಂಕ್ಯೂ ಹೇಳುತ್ತಿದ್ದ.

ಪಕ್ಕದ ಮನೆಯ ಆಗ್ನೆಸ್ ಉಡುಪಿಯವಳು, ಕಾಲನಿಯ ಕ್ಲಿನಿಕ್‌ನಲ್ಲಿ ನರ್ಸ್. ಹ್ಯಾರಿಯೆಟ್ ಪೆಟ್ಟಿಗೆ ಕಟ್ಟುವುದನ್ನು ಅವಳು ಬಾಗಿಲಲ್ಲೇ ನಿಂತು ನೋಡಿದಳು.

"ಎಂತ ಮೇಡಂ, ಅವರನ್ನೇ ಕೇಳಬಾರದಾ?"

"ಏನಂತ?"

"ಮನಸ್ಸಲ್ಲಿ ಕೊರೀತಾ ಉಂಟಲ್ಲ, ಅದನ್ನೇ. ನನ್ನ ಗಂಡ ಜಾರ್ಜ್ ಕೂಡ ಹಾಗೇ. ಕೇಳದೆ ಬಾಯಿ ಬಿಡುವ ಜನ ಅಲ್ಲ."

ಸಂಜೆ ಸಮುದ್ರದ ದಂಡೆಯಲ್ಲಿ ಹ್ಯಾರಿಯೆಟ್ ರೂಪರ್ಟ್‌ನನ್ನು ಕೇಳಿಯೇಬಿಟ್ಟಳು. "ಆ ಮನೆ ಉಳಿಸಲಿಕ್ಕಾಗಿ ನನ್ನನ್ನು ಮದುವೆಯಾದೆಯಾ?"

"ಹೌದು."

ಸುಳ್ಳು ಹೇಳಬಹುದಿತ್ತಲ್ಲ ಎಂದು ಅವಳಿಗೆ ಅಳು ಬಂತು.

"ಆಗ ಹೌದು," ಎಂದ ಅವನು. "ಇಲ್ಲಿಗೆ ಬಂದ ಮೇಲೆ, ಆಗ್ನೆಸ್ ಹತ್ತಿರ ಮೀನು ಹುರಿಯೋದು ಕಲಿತೆಯಲ್ಲ... ಎಣ್ಣೆ ಸಿಡಿದ ಕೈ ಹಿಡಿದುಕೊಂಡು, ಮೊದಲು ತಿಂದು ನೋಡು, ಆಮೇಲೆ ಅಳ್ತೇನೆ ಅಂದೆ. ಹೆಂಡತಿ ಅಂದರೆ ನೀನೇ ಅಂತ ಆವತ್ತು ಅನ್ನಿಸಿತು."

"ಮತ್ತೆ ಯಾಕೆ ಕಳಿಸ್ತಿದ್ದೀಯ?"

"ಈಗ ನಿನ್ನ ಹತ್ತಿರ ಹಣ ಇದೆ. ಇರು ಅಂದರೆ, ಹಣಕ್ಕಲ್ಲ, ನಿನಗಾಗಿ ಅಂದೆ ಅಂತ ನೀನು ಹೇಗೆ ನಂಬ್ತೀಯ?"

"ಇರು ಅನ್ನಬೇಕು ಅನ್ನಿಸಿತ್ತಾ?"

"ದಿನಾ ಬೆಳಿಗ್ಗೆ."

ಅವಳು ಕಣ್ಣೊರೆಸಿಕೊಂಡಳು. "ಆ ಮನೆಗೆ ನಾನು ಒಂದು ಕಾಸೂ ಕೊಡೋದಿಲ್ಲ."

"ಬೇಡ."

"ಬಿದ್ದುಹೋದರೆ?"

ಅವನು ಹುಟ್ಟಿದ ಮನೆ ಅದು. "ಬೀಳಲಿ," ಎಂದಾಗ ದನಿ ಒಡೆದಿತ್ತು. ಆ ಒಂದು ಮಾತು ಅವನಿಗೆಷ್ಟು ಕಷ್ಟವಾಯಿತೆಂದು ಹ್ಯಾರಿಯೆಟ್‌ಗೆ ತಿಳಿಯಿತು.

"ನಿನ್ನನ್ನು ನಾನಿನ್ನೂ ಕ್ಷಮಿಸಿಲ್ಲ, ರೂಪರ್ಟ್."

"ಗೊತ್ತು."

"ಆದರೆ ಅಪ್ಪನ ಸಮಾಧಿ ಮುಂದೆ ಒಬ್ಬಳೇ ನಿಲ್ಲಲಿಕ್ಕೆ ನನ್ನಿಂದಾಗೋದಿಲ್ಲ. ನೀನೂ ಬಾ."

"ಕಂಪನಿ ರಜೆ ಕೊಡಲಿಕ್ಕಿಲ್ಲ. ಕೆಲಸ ಹೋದರೂ ಹೋದೀತು. ಹೋಗಲಿ, ಬರ್ತೇನೆ." ಅವಳ ಕಡೆ ತಿರುಗಿದ. "ನನ್ನ ಎಕ್ಸಿಟ್ ವೀಸಾ ಆಗುವವರೆಗೆ ಕಾಯ್ತೀಯಾ?"

"ಕಾಯ್ತೇನೆ."

ಅವನ ಕೈ ಹಿಡಿಯಲು ಅವಳಿಗಿನ್ನೂ ಮನಸ್ಸಾಗಲಿಲ್ಲ. ಆದರೆ ಕಾರಿನ ಕಡೆ ನಡೆಯುವಾಗ, ಅವನೂ ಜೊತೆಗೆ ಬರಲೆಂದು, ಹೆಜ್ಜೆ ನಿಧಾನ ಮಾಡಿದಳು.