ಕೆಂಪು ಬಲ್ಬಿನ ಕೋಣೆ

“ಕೆಂಪು ಬೆಳಕಾ? ಏನಮ್ಮಾ ನೀನು ಹೇಳ್ತಿರೋದು!” ಫೋಟೋ ಸ್ಟುಡಿಯೊ ಯಜಮಾನರು ಸೊಸೆಯ ಗಾಲಿಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಮಗ ಅತ್ತ ಆಸ್ಪತ್ರೆಯ ಕೌಂಟರಿನಲ್ಲಿ ಕಾಗದಗಳಿಗೆ ಸಹಿ ಹಾಕುತ್ತಿದ್ದ.

“ಹೌದು ಯಜಮಾನ್ರೇ,” ಎಂದಳು ನರ್ಸ್. “ಮೊನ್ನೆ ಇಂಜೆಕ್ಷನ್ ಕೊಟ್ವಲ್ಲ, ಆ ಔಷಧ ಹೊಟ್ಟೆಯೊಳಗಿನ ಗಡ್ಡೇಲಿ ಕೂತಿರುತ್ತೆ. ಈಗ ಬಾಯಿಂದ ನಳಿಕೆ ಇಳಿಸಿ ಕೆಂಪು ಲೇಸರ್ ಬಿಟ್ರೆ ಆ ಔಷಧ ಕೆರಳಿ ಗಡ್ಡೇನ ಸುಡುತ್ತೆ. ಅದಕ್ಕೇ ಅಲ್ವಾ ಬೆಳಕಿಂದ ದೂರ ಇರಿ ಅಂದಿದ್ದು?”

ಅಯ್ಯೋ ದೇವರೇ! ಎರಡು ದಿನ ಸೊಸೆಯನ್ನು ಕೂರಿಸಿದ್ದು ಎಲ್ಲಿ? ತಮ್ಮದೇ ಡಾರ್ಕ್‌ರೂಮಿನಲ್ಲಿ, ಕೆಂಪು ಬಲ್ಬಿನ ಕೆಳಗೆ! ನಲವತ್ತು ವರ್ಷ ಫೋಟೋ ತೊಳೆದ ಕೈ ಅವರದು. ಬಿಳಿ ಬೆಳಕು ತಾಗಿದರೆ ಫೋಟೋ ಕಾಗದ ಕರ್ರಗಾಗುತ್ತದೆ, ಕೆಂಪು ಬೆಳಕು ಏನೂ ಮಾಡುವುದಿಲ್ಲ… ಇಷ್ಟೇ ಅವರಿಗೆ ಗೊತ್ತಿದ್ದ ಸತ್ಯ. ಯಾರನ್ನೂ ಒಂದು ಮಾತು ಕೇಳಿರಲಿಲ್ಲ. ಮೊದಲೆಲ್ಲ ಆ ಕೋಣೆಯ ಹೊಸ್ತಿಲು ತುಳಿಯಲೂ ಅವಳನ್ನು ಬಿಟ್ಟವರಲ್ಲ ಈ ಮಹಾನುಭಾವರು! ಕಂಪ್ಯೂಟರ್ ತಂದು ಮುಳುಗುತ್ತಿದ್ದ ಸ್ಟುಡಿಯೊ ಉಳಿಸಿದವಳನ್ನು “ಮನೆಹಾಳಿ” ಎಂದು ಎರಡು ವರ್ಷ ಹಲ್ಲು ಕಡಿದಿದ್ದರು. ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದ ದಿನ ಮಾತ್ರ ಆ ಸಿಟ್ಟೆಲ್ಲ ಇಳಿದುಹೋಗಿತ್ತು. ಇಂಜೆಕ್ಷನ್ ಆದ ಕೂಡಲೆ ತಾವೇ ಡಾರ್ಕ್‌ರೂಮಿನ ಬೀಗ ತೆಗೆದು, ಗುಡಿಸಿ, ಹಾಸಿಗೆ ಹಾಸಿಕೊಟ್ಟಿದ್ದರು. ಉಪಕಾರ ಮಾಡಲು ಹೋಗಿ… ಕೈಯಾರೆ ಕೊಂದುಬಿಟ್ಟೆನೇ?

“ಡಾಕ್ಟ್ರೇ, ಏನಾದ್ರೂ ಆದ್ರೆ ನಾನೇ ಕಾರಣ!” ಒಳಗಿನಿಂದ ಬಂದ ಡಾಕ್ಟರಮ್ಮನಿಗೆ ಎಲ್ಲವನ್ನೂ ಒದರಿಬಿಟ್ಟರು.

ಡಾಕ್ಟರಮ್ಮ ಸೊಸೆಯ ಮುಖ, ಮುಂಗೈ ತಿರುಗಿಸಿ ನೋಡಿದರು. “ಚರ್ಮ ಎಲ್ಲೂ ಸುಟ್ಟಿಲ್ಲ, ಚೆನ್ನಾಗೇ ಇದೆ. ಅಷ್ಟು ಮಂಕು ಬಲ್ಬು ಹೊಟ್ಟೆವರೆಗೂ ಮುಟ್ಟಲ್ಲ. ಭಯ ಇರೋದು ಬಿಸಿಲಿಂದ, ಜೋರು ದೀಪದಿಂದ. ಇನ್ಮೇಲೆ ನಮ್ಮನ್ನ ಕೇಳ್ದೆ ಏನೂ ಮಾಡ್ಬೇಡಿ.”

“ಗಡ್ಡೆ ಪೂರ್ತಿ ಹೋಗುತ್ತಾ?”

“ಶುರುವಲ್ಲೇ ಸಿಕ್ಕಿದೆ. ಆದ್ರೆ ಹೋಯ್ತೋ ಇಲ್ವೋ ಅಂತ ಗೊತ್ತಾಗೋಕೆ ಕೆಲವು ವಾರ ಬೇಕು.”

ಯಜಮಾನರಿಗೆ ಹೋದ ಜೀವ ಅರ್ಧ ಮಾತ್ರ ಮರಳಿತು.

“ಮಾವ…” ಸೊಸೆ ಅವರತ್ತ ತಿರುಗಿದಳು. “ನೀವು ಆ ಬೀಗ ತೆಗೆದಾಗ ನಂಗೆ ಎಷ್ಟೋ ಧೈರ್ಯ ಬಂದಿತ್ತು. ಈಗ ಅದೂ ಹೋಗ್ತಿದೆ. ಹೆದರಬೇಡ ಅಂತ ಒಂದು ಮಾತು ಹೇಳಿ.”

ಯಜಮಾನರು ಕುರ್ಚಿಯ ಮುಂದೆ ಕೆಳಗೆ ಕುಳಿತು ಅವಳ ತಣ್ಣನೆಯ ಕೈಗಳನ್ನು ಹಿಡಿದುಕೊಂಡರು.

“ನಂಗೇ ಹೆದರಿಕೆ ಆಗ್ತಿದೆ ಮಗಳೇ… ಯಾವ ಬಾಯಲ್ಲಿ ಹೇಳ್ಲಿ?”

ಸೊಸೆ ಅಳುತ್ತಲೇ ತಲೆಯಾಡಿಸಿದಳು, ಅವರ ಕೈಯನ್ನು ಒಮ್ಮೆ ಗಟ್ಟಿಯಾಗಿ ಅದುಮಿ ಬಿಟ್ಟಳು. ನರ್ಸ್ ಕುರ್ಚಿಯನ್ನು ಒಳಗೆ ತಳ್ಳಿದಳು. ಬಾಗಿಲು ಮುಚ್ಚಿತು. ಯಜಮಾನರು ಅಲ್ಲೇ ನೆಲದ ಮೇಲೆ ಕುಳಿತಿದ್ದರು. ಮಗ ಬಂದು ಎಬ್ಬಿಸಿದರೂ ಏಳಲಿಲ್ಲ.