ಬಟನ್ ಒತ್ತಿದವರಿಗೆಲ್ಲ ಒಂದು ಫೋನ್

"ನೀವೇನಾ ರವೀಶ್?"

ಬಸ್ಸಿಳಿದು ಬಂದವನನ್ನು ಒಳಗೂ ಕರೆಯದೆ ಕುಮುದಾ ಗ್ರಂಥಾಲಯದ ಬಾಗಿಲಲ್ಲೇ ಕೇಳಿದಳು. ಇಷ್ಟು ತಿಂಗಳು ಫೋನಿನಲ್ಲಿ ಮಾತ್ರ ಕೇಳಿದ್ದ ದನಿಗೆ ಇವತ್ತು ಮುಖ ಸಿಕ್ಕಿತ್ತು. ಬಯ್ಯಬೇಕಾದ ದಿನವೇ ಸಿಗಬೇಕಾ!

"ಹೌದು ಮೇಡಂ, ತೀರ್ಥಹಳ್ಳಿಯಿಂದ..."

"ನನ್ನ ಗ್ರಂಥಾಲಯ ಮುಚ್ಚೋಕೆ ನೀವ್ಯಾರ್ರೀ?"

ಅವನು ತಲೆ ತಗ್ಗಿಸಿದ.

ಹುಂಚದ ಹತ್ತಿರದ ಈ ಒಂದೇ ಕೋಣೆಯ ಗ್ರಂಥಾಲಯಕ್ಕೆ ವೆಬ್‌ಸೈಟ್ ಮಾಡಿಕೊಟ್ಟವನೇ ಅವನು. ಓದುಗರು ಮನೆಯಿಂದಲೇ ಪುಸ್ತಕ ಬುಕ್ ಮಾಡುತ್ತಿದ್ದರು, ಅವಳು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದಳು. ಇವತ್ತು ಬೆಳಿಗ್ಗೆ ಮೊಬೈಲ್ ತೆರೆದರೆ ಅಲ್ಲಿ ಒಂದೇ ಸಾಲು: 'ಗ್ರಂಥಾಲಯ ಸದ್ಯಕ್ಕೆ ಮುಚ್ಚಿದೆ.'

ಅದರ ಹಿಂದೆಯೇ ಪಂಚಾಯಿತಿ ಅಧ್ಯಕ್ಷ ಮುಕುಂದಯ್ಯನವರ ಫೋನ್. "ಮುಚ್ಚಿದ್ದು ಹೇಳಬಾರ್ದೇನಮ್ಮಾ? ನಮ್ಮ ಪಂಚಾಯಿತಿ ಕೋಣೆಲಿ ಗೊಬ್ಬರದ ಚೀಲ ಆದ್ರೂ ಇಡ್ತಿದ್ವಿ."

ಕುಮುದಾಗೆ ಅಳುವುದಕ್ಕೂ ಶಕ್ತಿ ಇರಲಿಲ್ಲ. ಕೋಣೆ ಹೋದರೆ ಪುಸ್ತಕಗಳು ಎಲ್ಲಿಗೆ? ತಾನು ಎಲ್ಲಿಗೆ?

"ತಪ್ಪು ನಂದೇ. ಎದುರಿಗೇ ಹೇಳೋಣ ಅಂತ ಬಂದೆ" ಎಂದ ರವೀಶ್. "ಬುಕ್ ಮಾಡಿದೋರಿಗೆ ಮೆಸೇಜ್ ತಾನಾಗೇ ಹೋಗುತ್ತೆ. ಆದ್ರೂ ನೀವು ಒಬ್ಬೊಬ್ಬರಿಗೂ ಫೋನ್ ಮಾಡ್ತೀರಂತೆ! ನಿನ್ನೆ ಜ್ವರದಲ್ಲೂ..."

"ಮತ್ತೆ? ಪುಸ್ತಕ ಕೇಳಿದೋರಿಗೆ, ಇಟ್ಟಿದೀನಿ ಅಂತ ಒಂದು ಮಾತು ಹೇಳೋದು ಬೇಡ್ವಾ?"

"ನಿನ್ನೆ ಫೋನಲ್ಲಿ ನನ್ನ ಹತ್ರ ಮಾತಾಡುವಾಗ ನಿಮ್ಮ ದನಿಯೇ ಹೊರಡ್ತಿರಲಿಲ್ಲ. ಎರಡು ದಿನ ಮಲಗಿ ಅಂತ ಹೇಳೋಕೆ ನಾನ್ಯಾರು? ವೆಬ್‌ಸೈಟಲ್ಲಿ 'ಮುಚ್ಚಿದೆ' ಅಂತ ತೋರಿಸೋ ಬಟನ್ ಒಂದಿತ್ತು... ಒತ್ತಿಬಿಟ್ಟೆ."

ಕುಮುದಾ ಬಾಗಿಲು ಬಿಟ್ಟು ಒಳಗೆ ಸರಿದಳು. ತನ್ನ ಸುಸ್ತು ಇದುವರೆಗೆ ಯಾರಿಗಾದರೂ ಕೇಳಿಸಿತ್ತಾ?

ಅವನು ಅಲ್ಲೇ ನಿಂತು, ಸ್ಪೀಕರ್ ಹಾಕಿ ಮುಕುಂದಯ್ಯನವರಿಗೆ ಫೋನ್ ಮಾಡಿದ. "ಸರ್, ಗ್ರಂಥಾಲಯ ಮುಚ್ಚಿಲ್ಲ. ಮೇಡಂನ ಕೇಳದೆ ನಾನೇ ಹಾಗೆ ಹಾಕಿದ್ದು. ಬಯ್ಯೋದಿದ್ರೆ ನನಗೆ ಬಯ್ರಿ."

"ಬಯ್ಯೋದು ಇರ್ಲಿ ಮಾರಾಯ! ನಂಗೆ ಯಕ್ಷಗಾನ ಪ್ರಸಂಗದ ಪುಸ್ತಕ ಬುಕ್ ಆಗ್ತಾ ಇಲ್ಲ. ಮೊದ್ಲು ಅದನ್ನ ಸರಿ ಮಾಡು. ಕೋಣೆ ಎಲ್ಲೂ ಹೋಗಲ್ಲ ಅಂತ ಆ ಹುಡುಗಿಗೆ ಹೇಳು."

ಕುಮುದಾ ಕುರ್ಚಿ ಎಳೆದುಕೊಂಡು ಕೂತಳು. ನಗು ಬಂತು, ಅದರ ಜೊತೆಗೇ ಕಣ್ಣೀರೂ.

"ಇನ್ಮೇಲೆ ಹೇಳದೇ ಏನೂ ಮಾಡ್ಬೇಡಿ. ಮಲಗು ಅನ್ನೋದಿದ್ರೆ ನನಗೇ ಹೇಳಿ."

"ದಿನಾ ಹೇಳೋ ಹಕ್ಕು ಕೊಡ್ತೀರಾ... ಕುಮುದಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅದನ್ನ ಮನೆಗೆ ಬಂದು ನಮ್ಮ ಅಪ್ಪನ ಹತ್ರ ಕೇಳಿ."

"ಅವರು ನಿಮ್ಮನ್ನ ಕೇಳಿದ್ರೆ?"

"ಕೇಳಿದ್ರೆ... ಹೂಂ ಅಂತೀನಿ."