ಲಿವರಿನೊಳಗೆ ಮಲಗಿದ ಪಟಪಟಿ

"ನಾಟಕ ಪೂರ್ತಿ ನಾನು ನಿದ್ದೆ ಮಾಡ್ಬೇಕಂತೆ ತಾತ! ಒಂದೇ ಒಂದು ಡೈಲಾಗೂ ಇಲ್ಲ!"

ಪಟಪಟಿ ಮುಖ ಊದಿಸಿಕೊಂಡು ಹೊಲಿಗೆ ಮಷೀನಿನ ಪಕ್ಕ ಕೂತಳು. ಬೆಳಗ್ಗೆ ಎದ್ದಾಗಿನಿಂದ ಬಾಯಿಗೆ ಬಿಡುವು ಕೊಡದ ಹುಡುಗಿಗೆ ಎಂಥ ಪಾರ್ಟು ನೋಡಿ! ಶಾಲೆಯ ಮಲೇರಿಯಾ ನಾಟಕದಲ್ಲಿ ಐದು ರೋಗಾಣುಗಳು. ನಾಲ್ಕಕ್ಕೆ ರಕ್ತದಲ್ಲಿ ಕುಣಿತ. ಇವಳಿಗೆ ಲಿವರಿನಲ್ಲಿ ನಿದ್ದೆ.

ಟೈಲರ್ ತಾತ ನಕ್ಕರು. ಹೋದ ವಾರ ಅವರಿಗೇ ಮಲೇರಿಯಾ ಬಂದಿತ್ತು. ಮೂರು ದಿನದಲ್ಲಿ ಜ್ವರ ಬಿಟ್ಟಿತು. ಆದರೆ ನರ್ಸಮ್ಮ ಹದಿನಾಲ್ಕು ದಿನಕ್ಕೆಂದು ಕೊಟ್ಟ ಮಾತ್ರೆಗಳಲ್ಲಿ ಮುಕ್ಕಾಲು ಪಾಲು ಗುಂಡಿ ಡಬ್ಬಿಯಲ್ಲೇ ಉಳಿದಿದ್ದವು.

"ಮಾತ್ರೆ ತಗೊಳ್ಳಿ ತಾತ."

"ಜ್ವರಾನೇ ಇಲ್ಲ, ಮಾತ್ರೆ ಯಾಕೆ? ನಾನೀಗ ಗುಂಡುಕಲ್ಲು!"

ಅಮ್ಮ ಹೇಳಿದಾಗಲೂ ಅಷ್ಟೇ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದರು. ಪಟಪಟಿಗೆ ಒಳಗೊಳಗೇ ಹೆದರಿಕೆ. ಮೂರು ಕಂಬಳಿ ಹೊದ್ದರೂ ತಾತ ಗಡಗಡ ನಡುಗಿದ್ದನ್ನು ಅವಳು ಮರೆತಿರಲಿಲ್ಲ.

ನಾಟಕದ ದಿನ ತಾತ ಮೊದಲ ಸಾಲಿನಲ್ಲೇ ಕೂತರು. ಅದೇ ಸಾಲಿನ ತುದಿಯಲ್ಲಿ ನರ್ಸಮ್ಮನೂ ಇದ್ದರು.

ಸೊಳ್ಳೆ ಗುಂಯ್ ಎಂದು ಬಂದು ರೋಗಿಯನ್ನು ಕಚ್ಚಿತು. ಐದೂ ರೋಗಾಣುಗಳು ಕಂದು ಪರದೆಯ ಲಿವರಿನೊಳಗೆ ನುಗ್ಗಿದವು. ನಾಲ್ಕು ಹೊರಬಂದು ಕೆಂಪು ರಕ್ತಕಣಗಳಲ್ಲಿ ಸೇರಿಕೊಂಡು ಅವನ್ನು ಪಟಾರನೆ ಒಡೆದವು. ರೋಗಿಗೆ ಚಳಿಜ್ವರ! ಆ ರಕ್ತ ಹೀರಿದ ಇನ್ನೊಂದು ಸೊಳ್ಳೆ ಪಕ್ಕದ ಮನೆಗೆ ಹಾರಿತು. ಆಗ ಮಾತ್ರೆ ವೇಷದ ಹುಡುಗ ನುಗ್ಗಿ ಬಂದು ನಾಲ್ಕನ್ನೂ ಓಡಿಸಿದ. ಜನ ಜೋರಾಗಿ ಚಪ್ಪಾಳೆ ತಟ್ಟಿದರು.

ಪಟಪಟಿಗೆ ಸುಮ್ಮನಿರಲಾಗಲಿಲ್ಲ. ಪರದೆಯ ಕೆಳಗಿಂದ ಎರಡೂ ಕಾಲು ಹೊರಚಾಚಿ, ಗೊರ್ರ್ ಎಂದು ಗೊರಕೆ ಹೊಡೆದಳು.

ತಾತ ಎದ್ದೇ ಬಿಟ್ಟರು. "ಏಯ್, ಒಬ್ಬಳು ಇನ್ನೂ ಒಳಗಿದಾಳೆ! ಅವಳು ಎದ್ರೆ ಮತ್ತೆ ಜ್ವರ ಬರಲ್ವಾ?"

"ಬರುತ್ತೆ ತಾತ," ಎಂದ ಮಾತ್ರೆ ಹುಡುಗ. "ಅವಳನ್ನ ಓಡಿಸೋಕೇ ಹದಿನಾಲ್ಕು ದಿನದ ಮಾತ್ರೆ ಇರೋದು."

ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ತಾತ ಮಾತ್ರ ನಗದೆ, ಲಿವರ್ ಇರುವ ಬಲಪಕ್ಕೆಯನ್ನು ಹಿಡಿದುಕೊಂಡು ನಿಂತೇ ಇದ್ದರು.

"ನರ್ಸಮ್ಮಾ, ನಾನು ಮಧ್ಯದಲ್ಲೇ ನಿಲ್ಲಿಸ್ಬಿಟ್ಟೆ. ಈಗೇನ್ ಮಾಡ್ಲಿ?"

"ನಾಳೆ ಬೆಳಗ್ಗೇನೇ ಬನ್ನಿ, ನೋಡೋಣ. ಈ ಸಲ ಒಂದು ದಿನಾನೂ ತಪ್ಪಿಸೋ ಹಾಗಿಲ್ಲ."

ತಾತ ಒಳ್ಳೆಯ ಹುಡುಗನ ಹಾಗೆ ತಲೆಯಾಡಿಸಿದರು.

ಪಟಪಟಿ ಪರದೆಯ ಸಂದಿಯಿಂದ ಎಲ್ಲವನ್ನೂ ನೋಡಿದಳು. ನಾನು ಮೊದಲೇ ಹೇಳಿರಲಿಲ್ವಾ ಎಂಬ ಮಾತು ತುಟಿಯವರೆಗೂ ಬಂತು. ಆದರೆ ಅವಳ ಪಾರ್ಟು ನಿದ್ದೆಯದ್ದಲ್ಲವೇ! ಕಣ್ಣು ಮುಚ್ಚಿಕೊಂಡು, ಮನಸಾರೆ ಇನ್ನೊಂದು ದೊಡ್ಡ ಗೊರಕೆ ಹೊಡೆದಳು.